ಹಾರುವ ಕಸಬರಿಗೆ

ವಿದ್ಯೆ ಎಂದರೆ ಒಂದು ಬಗೆಯ ಮಂತ್ರವೆಂದು ನಂಬಿದ ಮನೆಗಳು ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ತಲೆಮಾರುಗಳಿಂದ ಓದುತ್ತ ಬಂದವರಿಗೆ ಪುಸ್ತಕವು ತಂಬಿಗೆ ತಾಟುಗಳಂತೆ ಮನೆಯ ಒಂದು ಸಾಮಾನು. ಓದದವರ ಮನೆಯಲ್ಲಿ ಅದನ್ನು ದೇವರ ಪಕ್ಕದಲ್ಲಿಡುತ್ತಾರೆ; ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ನಾನು ಈ ಎರಡನೆಯ ಬಗೆಯ ಮನೆಯವಳು. ಆದುದರಿಂದಲೇ ಹುಡುಗಿಯರು ಮಂತ್ರವಿದ್ಯೆ ಕಲಿಯುವ ಶಾಲೆಯೊಂದರ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ ಮೊಬೈಲಿನಲ್ಲಿ ಚಿತ್ರದ ಗೊಂಬೆಗಳನ್ನು ನೋಡುತ್ತ ಕುಳಿತಳೇ ಎಂದು ಅಧ್ಯಾಪಕ ಮಹನೀಯರು ಹುಬ್ಬು ಗಂಟಿಕ್ಕಬಾರದೆಂದು ಬೇಡಿಕೊಳ್ಳುತ್ತೇನೆ.

ಕಥೆಯ ಹೆಸರು ‘ಲಿಟಲ್ ವಿಚ್ ಅಕಾಡೆಮಿಯಾ’. ಜಪಾನಿನ ಟ್ರಿಗರ್ ಎಂಬ ಸಂಸ್ಥೆ ತಯಾರಿಸಿದ್ದು, ಯೋ ಯೋಶಿನಾರಿ ಎಂಬವರು ನಿರ್ದೇಶಿಸಿದ್ದು. ಎಳೆಯ ಚಿತ್ರಕಾರರಿಗೆ ಕೆಲಸ ಕಲಿಸುವ ಯೋಜನೆಯೊಂದರಲ್ಲಿ 2013ರಲ್ಲಿ ಇದು ಮೊದಲು ಕಿರುಚಿತ್ರವಾಗಿ ಹುಟ್ಟಿತು. ಎರಡನೆಯ ಚಿತ್ರವನ್ನು ಇನ್ನಷ್ಟು ಉದ್ದವಾಗಿಸಬೇಕೆಂದಾಗ, ನೋಡಿ ಮೆಚ್ಚಿದ ಜನರೇ ಆರು ಲಕ್ಷ ಡಾಲರಿಗೂ ಹೆಚ್ಚು ವಂತಿಗೆ ಕೂಡಿಸಿ ಕೊಟ್ಟರು. 2017ರಲ್ಲಿ 25 ಕಂತುಗಳ ಧಾರಾವಾಹಿಯಾಯಿತು. ಕಲಿಯುವವರ ಕಥೆಯನ್ನು ಕಲಿಯುವವರೇ ಬರೆದರೆಂಬುದು ನನಗೆ ಹಿಡಿಸಿದ ಮೊದಲ ಸಂಗತಿ.

ಲೂನಾ ನೋವಾ ಎಂಬುದು ಶಾಲೆಯ ಹೆಸರು. ಅಲ್ಲಿಗೆ ಜಪಾನಿನಿಂದ ಅಟ್ಸುಕೊ ಕಾಗಾರಿ ಎಂಬ ಹುಡುಗಿ ಬರುತ್ತಾಳೆ. ಗೆಳತಿಯರು ಅವಳನ್ನು ‘ಅಕ್ಕೊ’ ಎಂದು ಕರೆಯುತ್ತಾರೆ. ನನ್ನ ತಮ್ಮನಂತೂ ಅವಳನ್ನು ‘ಅಕ್ಕಾ’ ಎಂದೇ ತಿಳಿದು ಕರೆಯತೊಡಗಿದ. ಅವಳ ಮನೆತನದಲ್ಲಿ ಮಂತ್ರ ಬಲ್ಲವರು ಯಾರೂ ಇಲ್ಲ. ಮಿಕ್ಕ ಹುಡುಗಿಯರು ಕಸಬರಿಗೆಯೇರಿ ಶಾಲೆಗೆ ಹಾರಿಹೋಗುವಾಗ ಇವಳ ಹತ್ತಿರ ಕಸಬರಿಗೆಯೇ ಇಲ್ಲ. ಲೊಟ್ಟೆ ಎಂಬ ಹುಡುಗಿಯ ಬೆನ್ನಿಗೆ ಕುಳಿತು ಹೋಗುತ್ತಾಳೆ. ಅದೇ ತರಗತಿಯಲ್ಲಿ ಡಯಾನಾ ಎಂಬವಳು ಹಳೆಯ ಮಂತ್ರಗಾರ್ತಿಯರ ವಂಶದ ಕುಡಿ; ಎಲ್ಲ ಪಾಠವೂ ಅವಳಿಗೆ ನೀರು ಕುಡಿದಂತೆ.

ಕಾಲೇಜಿಗೆ ಸೇರುವ ದಿನ ಅರ್ಜಿಯಲ್ಲಿ ‘ತಂದೆ ತಾಯಿಯ ವಿದ್ಯಾರ್ಹತೆ’ ಎಂಬ ಸಾಲಿನ ಮುಂದೆ ಪೆನ್ನು ನಿಲ್ಲಿಸಿದವರಿಗೆಲ್ಲ ಅಕ್ಕೊಳ ಗುರುತು ತಾನಾಗಿ ಸಿಕ್ಕುತ್ತದೆ. ಇಂಟರ್‌ನಲ್ ಎಂದರೇನು, ಲೈಬ್ರರಿ ಕಾರ್ಡನ್ನು ಯಾರಿಗೆ ಕೇಳಬೇಕು, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು: ಇಂಥ ಸಣ್ಣ ಸಣ್ಣ ಮಂತ್ರಗಳನ್ನು ನಮಗೆ ಮನೆಯಲ್ಲಿ ಹೇಳಿಕೊಡುವವರಿರಲಿಲ್ಲ. ಯಾರಾದರೊಬ್ಬ ಗೆಳತಿಯ ಬೆನ್ನಿಗೆ ಕುಳಿತೇ ನಾವು ಮೊದಲ ವರ್ಷ ದಾಟಿದೆವು.

ನಮ್ಮ ಊರಿಗೆ ದೊಡ್ಡ ವಿದ್ಯಾಲಯವೇನೂ ಹೊಸತಲ್ಲ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಕೋಟೆಯ ಹಾದಿಯಲ್ಲಿ ನಿಂತಿದೆ. ಅದರ ಮಿನಾರಿನ ಮೇಲೆ ನೀಲಿ ಹೆಂಚಿನ ಬಣ್ಣ ಅಲ್ಲಲ್ಲಿ ಉಳಿದಿದೆ. ಓದುವವರಿಗೆ ಅಲ್ಲಿಯೇ ಕೋಣೆ, ದೂರದೇಶದ ಪಂಡಿತರಿಂದ ಪಾಠ. ಆದರೆ ಅದು ಗಂಡುಮಕ್ಕಳ ಶಾಲೆ. ಅದಕ್ಕೂ ಮೂರು ಶತಮಾನ ಮೊದಲು ನಮ್ಮ ಜಿಲ್ಲೆಯದೇ ಆದ ಕಲ್ಯಾಣದಲ್ಲಿ ಹೆಣ್ಣುಮಕ್ಕಳು ಶರಣರ ಸಂಗಡ ಕುಳಿತು ಮಾತನಾಡಿದರು. ಅವರಲ್ಲಿ ಲಕ್ಕಮ್ಮ ಒಬ್ಬಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಮನೆಯ ಕಾಯಕ. ಗಂಡ ಒಂದು ದಿನ ಹೆಚ್ಚಿಗೆ ತಂದಾಗ ಮರಳಿ ಹಾಕಿ ಬರುವಂತೆ ಹೇಳಿದವಳು. ಅವಳ ಹೆಸರಿನ ಮುಂದೆ ಇಂದಿಗೂ ‘ಆಯ್ದಕ್ಕಿ’ ಎಂಬ ಮಾತೇ ಬಿರುದಾಗಿ ನಿಂತಿದೆ.

ಲಕ್ಕಮ್ಮನನ್ನು ನೆನೆಯಲು ನನಗೆ ಕಾರಣವಿದೆ. ನನ್ನ ಅವ್ವ ಗಾಂಧಿ ಗಂಜಿನಲ್ಲಿ ಕಾಳು ಹಸನು ಮಾಡುತ್ತಾಳೆ. ಅಪ್ಪ ಅಲ್ಲಿಯೇ ಹಮಾಲ. ಲಿಲಾವು ಮುಗಿದು ಚೀಲಗಳು ಲಾರಿಯೇರಿದ ಮೇಲೆ ಅವ್ವ ಮತ್ತು ಅವಳ ಜೊತೆಯವರು ನೆಲದ ಮೇಲಿನ ತೊಗರಿ, ಹೆಸರು, ಸೋಯಾಗಳನ್ನು ಗುಡಿಸಿ, ಕೇರಿ, ಬೇರೆ ಮಾಡುತ್ತಾರೆ. ಅವ್ವ ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಒಂದು ಹಿಡಿ ತೊಗರಿಯನ್ನು ಅಂಗೈಯಲ್ಲಿ ತೂಗಿ, ಅದರಲ್ಲಿ ಹಸಿ ಎಷ್ಟು, ಮಣ್ಣು ಎಷ್ಟು ಎಂದು ಹೇಳಬಲ್ಲಳು. ನಾನು ಈ ಕಥೆಯನ್ನು ಅವಳಿಗೆ ಹೇಳಿದಾಗ ಕೇಳಿದಳು: “ಕಸಬರಿಗಿ ಮ್ಯಾಲ ಕುಂತು ಹಾರತಾರಂತ? ಹಂಗಾದ್ರ ಕಸಾ ಯಾರು ಹೊಡೀತಾರವ್ವಾ?”

ಈ ಪ್ರಶ್ನೆಗೆ 25 ಕಂತುಗಳಲ್ಲಿಯೂ ಉತ್ತರವಿಲ್ಲ.

ಅವ್ವನಿಗೆ ಇನ್ನೊಂದು ಅನುಮಾನ, ‘ಮಾಟಗಾತಿ’ ಎಂಬ ಮಾತಿನದು. ಆ ಶಾಲೆಯಲ್ಲಿ ಅದು ಓದು ಮುಗಿಸಿದವಳ ಪದವಿ. ನಮ್ಮ ಕಡೆ ಅದು ಒಂಟಿ ಹೆಂಗಸಿನ ಮೇಲೆ ಎಸೆಯುವ ಕಲ್ಲು. ಧಾರಾವಾಹಿ ಬಂದ ಅದೇ 2017ರಲ್ಲಿ ನಮ್ಮ ವಿಧಾನಮಂಡಲವು ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯುವ ಮಸೂದೆಯನ್ನು ಒಪ್ಪಬೇಕಾಯಿತು. ಅಲ್ಲಿಯ ಮಕ್ಕಳು ಬಯಸಿ ಪಡೆಯುವ ಹೆಸರಿನಿಂದ ಇಲ್ಲಿಯ ಹೆಂಗಸರನ್ನು ಕಾಪಾಡಲು ಕಾನೂನು ಬೇಕು! ತಿಳಿವಳಿಕೆಯುಳ್ಳ ಹೆಣ್ಣನ್ನು ಕಂಡರೆ ಊರು ಹೆದರುವುದೇ ಈ ಎರಡು ಅರ್ಥಗಳ ನಡುವಿನ ಅಂತರವೆಂದು ನನಗೆ ತೋರುತ್ತದೆ.

ಕಥೆಯ ತಿರುಳು ಕೊನೆಗೆ ಬರುತ್ತದೆ. ಅಕ್ಕೊ ಎಷ್ಟು ಹೆಣಗಿದರೂ ಅವಳ ಕಸಬರಿಗೆ ನೆಲ ಬಿಡುವುದಿಲ್ಲ. ದಡ್ಡಿ ಎಂದು ಎಲ್ಲರೂ ನಗುತ್ತಾರೆ. ಕಾರಣ ಬೇರೆ. ಚಿಕ್ಕಂದಿನಲ್ಲಿ ಅವಳು ಶಾರಿಯಟ್ ಎಂಬ ಮಂತ್ರಗಾರ್ತಿಯ ಆಟವೊಂದನ್ನು ನೋಡಿದ್ದಳು. ಆ ಆಟಕ್ಕೆ ಬೇಕಾದ ಶಕ್ತಿಯನ್ನು ನೋಡುವವರಿಂದಲೇ ಸೆಳೆದುಕೊಳ್ಳಲಾಗಿತ್ತು. ಅಲ್ಲಿದ್ದ ಮಗುವಿನ ಹಾರುವ ಬಲ ಅಂದೇ ಹೋಗಿತ್ತು. ಯಾರೂ ಕೇಡು ಬಯಸಿ ಮಾಡಿದ್ದಲ್ಲ. ಆದರೂ ಹೋದದ್ದು ಹೋಯಿತು.

ಇದನ್ನು ನೋಡಿದ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಮೂರನೆಯ ಇಯತ್ತೆಯಲ್ಲಿ ತಮ್ಮಂದಿರನ್ನು ನೋಡಿಕೊಳ್ಳಲು ಅವ್ವನನ್ನು ಸಾಲಿ ಬಿಡಿಸಿದವರೂ ಕೆಟ್ಟವರಲ್ಲ. ‘ನಮಗೆ ಇದೆಲ್ಲ ತಲಿಗೆ ಹತ್ತಂಗಿಲ್ಲ’ ಎಂದು ಅವಳು ಅನ್ನುವಾಗ, ಹತ್ತದ್ದು ಯಾವುದು, ಕಿತ್ತುಕೊಂಡದ್ದು ಯಾವುದು ಎಂದು ಬೇರೆ ಮಾಡಿ ನೋಡುವ ಜರಡಿ ನಮ್ಮಲ್ಲಿ ಇಲ್ಲ.

ಒಂದು ಆಕ್ಷೇಪಣೆಯನ್ನೂ ಹೇಳಬೇಕು. ಅಕ್ಕೊಳಿಗೆ ಕಾಡಿನಲ್ಲಿ ಮಹಾಶಕ್ತಿಯ ದಂಡವೊಂದು ಸಿಕ್ಕುತ್ತದೆ. ಬೀದರದ ಹಾದಿಯಲ್ಲಿ ಅಂಥ ದಂಡ ಯಾರಿಗೂ ಸಿಕ್ಕಿಲ್ಲ. ಅದಕ್ಕೇ ನನ್ನ ಪ್ರೀತಿ ಅಕ್ಕೊಳ ಮೇಲಿದ್ದರೂ ನಂಬಿಕೆ ಡಯಾನಾಳ ಮೇಲೆ. ಅದೇ ಆಟ ನೋಡಿ ಅವಳೂ ತನ್ನ ಬಲ ಕಳೆದುಕೊಂಡಿದ್ದಳು. ಯಾರಿಗೂ ಹೇಳದೆ, ಪಾಠದ ಮೇಲೆ ಪಾಠ ಓದಿ, ತಿರುಗಿ ಪಡೆದಳು. ವಂಶದ ಬಲವೆಂದು ನಾವು ಕರುಬುವುದರ ಹಿಂದೆ ಎಷ್ಟು ಇರುಳುಗಳ ದುಡಿತವಿದೆಯೋ! ಓದಿದ ಮನೆಯ ಗೆಳತಿಯರನ್ನು ನಾನೀಗ ಬೇರೆ ಕಣ್ಣಿನಿಂದ ನೋಡುತ್ತೇನೆ.

ಪರೀಕ್ಷೆ ಹತ್ತಿರ ಬಂದಿದೆ. ಭಾಲ್ಕಿ ಕಡೆಯಿಂದ ಒಂದು ಸಂಬಂಧವೂ ಬಂದಿದೆ. “ಡಿಗ್ರಿ ಆತಲ್ಲವ್ವಾ, ಇನ್ನೇನು?” ಎನ್ನುತ್ತಾನೆ ಅಪ್ಪ, ಮೂವತ್ತು ವರ್ಷ ಚೀಲ ಹೊತ್ತ ಬೆನ್ನಿನವನ ಮಾತು ಅದು, ಅದನ್ನು ಹಗುರಾಗಿ ತಳ್ಳಲಾರೆ. ನನಗೆ ಎಂ.ಎ. ಓದಬೇಕು. 2023ರಿಂದ ಬೀದರಕ್ಕೇ ವಿಶ್ವವಿದ್ಯಾಲಯ ಬಂದಿರುವುದರಿಂದ ಕಲಬುರಗಿಗೆ ಹೋಗಿ ರೂಮು ಹಿಡಿಯಬೇಕೆಂಬ ಹೆದರಿಕೆ ಇಲ್ಲ. ಅವ್ವ ಇಷ್ಟು ದಿನ ಸುಮ್ಮನಿದ್ದವಳು ಮೊನ್ನೆ ಅಪ್ಪನಿಗೆ, “ಎರಡು ವರ್ಷ ತಡೀರಿ. ಅಕಿ ಹಾರ್ತಾಳೋ ಇಲ್ಲೋ, ನೋಡೂಣು” ಎಂದಳು. ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ.

ಧಾರಾವಾಹಿಯ ಕೊನೆಯಲ್ಲಿ ಅಕ್ಕೊಳ ಕಸಬರಿಗೆ ನೆಲದಿಂದ ತುಸುವೇ ಮೇಲೇಳುತ್ತದೆ. ಗೆಳತಿಯರು ಅಷ್ಟಕ್ಕೇ ಹಿಗ್ಗುತ್ತಾರೆ. ಮುಂದಿನ ವರ್ಷ ಈ ಕಾಲೇಜಿಗೆ ಬರುವ ತಂಗಿಯರಲ್ಲಿ ಕಸಬರಿಗೆ ಇಲ್ಲದೆ ಬಂದವರು ಅನೇಕರಿದ್ದಾರು. ಕಾರ್ಡು ಎಲ್ಲಿ, ಅರ್ಜಿ ಎಲ್ಲಿ ಎಂದು ಅವರು ಬಾಗಿಲಲ್ಲಿ ನಿಂತಿದ್ದರೆ, ಹಿರಿಯ ವಿದ್ಯಾರ್ಥಿನಿಯರು ತಮ್ಮ ಬೆನ್ನಿಗೆ ಸ್ವಲ್ಪ ಜಾಗ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.