ಚೋಮನ ದುಡಿಗೆ ಹೊರಟ ಬಸ್ಸು

ನಮ್ಮೂರ ಹೆಸರು ಬೇವೂರು. ಹೊಸಬರು ಕೇಳಿದರೆ 'ಊರು ಕಹಿಯೋ ಹೇಗೆ?' ಎಂದು ನಗುತ್ತಾರೆ. ಬಾಗಲಕೋಟೆ ತಾಲೂಕಿನ ಈ ಊರು ಕಹಿಯೂ ಅಲ್ಲ, ಬಹಳ ಸಿಹಿಯೂ ಅಲ್ಲ. ಹಿಂಗಾರಿ ಜೋಳ ತೆನೆಗಟ್ಟಿದಾಗ ಹಸಿರು, ಬೇಸಿಗೆ ಬಂದಾಗ ಬರೀ ಬಿಸಿಲು. ಈ ಭಾಗದ ಪ್ರೌಢಶಾಲೆಯೊಂದರಲ್ಲಿ ಹುಡುಗರಿಗೆ ಬೆಳಕು, ಶಬ್ದ, ವಿದ್ಯುತ್ತು ಎಂದು ಪಾಠ ಹೇಳುತ್ತಲೇ ನನಗೆ ಐವತ್ತು ದಾಟಿತು. ಇಲ್ಲಿಂದ ಬಾಗಲಕೋಟೆಯ ಬಸ್ಸನ್ನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಆದರೆ 2010ರ ಆ ಕೆಲವು ಭಾನುವಾರಗಳ ಪ್ರಯಾಣ ಮಾತ್ರ ಬೇರೆ. ಆಗ ನಾನು ಹೋಗುತ್ತಿದ್ದುದು ಸಂತೆಗಲ್ಲ, ಸಂಬಳದ ಕೆಲಸಕ್ಕೂ ಅಲ್ಲ, ಡಿ.ವಿ.ಡಿ. ಹುಡುಕಲು.

ಕಾರಣ ನನ್ನಾಕೆ. ಬಿ.ಎ. ಮುಗಿಸಿ ಮದುವೆಯಾಗಿ ಬಂದವಳು ಹದಿನಾಲ್ಕು ವರ್ಷ ಪುಸ್ತಕ ಮುಚ್ಚಿಟ್ಟು, 2009ರಲ್ಲಿ ಒಂದು ದಿನ, 'ರೀ, ನಾನೂ ಎಂ.ಎ. ಕಟ್ಟತೀನಿ' ಎಂದಳು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹೋಯಿತು, ಅಂಚೆಯಲ್ಲಿ ಪಾಠಗಳ ಕಟ್ಟು ಬಂತು. ರೊಟ್ಟಿ ಬಡಿದು, ಪಾತ್ರೆ ತೊಳೆದು, ಮಗನನ್ನು ಮಲಗಿಸಿ, ರಾತ್ರಿ ಹತ್ತಕ್ಕೆ ಅವಳ ಓದು ಶುರು. ಮೊದಲ ವರ್ಷ ಉಳಿದೆಲ್ಲ ಪತ್ರಿಕೆ ಪಾಸಾದವು. ಕಾದಂಬರಿಯ ಪತ್ರಿಕೆಯಲ್ಲಿ ಮಾತ್ರ ನಾಲ್ಕು ಅಂಕ ಕಡಿಮೆ ಬಿದ್ದವು. ಅವಳು ಏನೂ ಅನ್ನಲಿಲ್ಲ. ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಟ್ಟಳು. ಆ ಸದ್ದಿಲ್ಲದ ಕೆಲಸ ನನಗೆ ಹೆದರಿಕೆ ತಂದಿತು.

ಮಾಸ್ತರನ ಬುದ್ಧಿ ನೋಡಿ. ಹುಡುಗರಿಗೆ ಪಾಠ ಹತ್ತದಿದ್ದರೆ ಚಿತ್ರ ತೋರಿಸುವುದು ನನ್ನ ಪದ್ಧತಿ. ಕನ್ನಡದ ಕಾದಂಬರಿಗಳು ಎಷ್ಟೋ ಸಿನಿಮಾ ಆಗಿವೆಯಲ್ಲ! ಎಂ.ಕೆ. ಇಂದಿರಾ ಅವರ 'ಗೆಜ್ಜೆ ಪೂಜೆ', ತ್ರಿವೇಣಿಯವರ 'ಶರಪಂಜರ', ತ.ರಾ.ಸು. ಅವರ 'ನಾಗರಹಾವು' ಮೂರನ್ನೂ ಪುಟ್ಟಣ್ಣ ಕಣಗಾಲರು 1969ರಿಂದ 1972ರೊಳಗೆ ತೆರೆಗೆ ತಂದಿದ್ದರು. ಅನಂತಮೂರ್ತಿಯವರ 'ಸಂಸ್ಕಾರ' 1970ರಲ್ಲಿ ಬಂದು ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು, ಅದಕ್ಕೂ ಸ್ವರ್ಣಕಮಲ. ಇವನ್ನೆಲ್ಲ ಮನೆಯಲ್ಲೇ ಕೂತು ನೋಡಿದರೆ ಓದು ಅರ್ಧ ಮುಗಿದಂತೆ ಎಂದು ಲೆಕ್ಕ ಹಾಕಿದೆ. ಕಂತಿನಲ್ಲಿ ಒಂದು ಪ್ಲೇಯರ್ ತಂದೆ.

ಪ್ಲೇಯರ್ ಬಂತು, ತಟ್ಟೆಗಳು ಬರಬೇಕಲ್ಲ. ಬಾಗಲಕೋಟೆಗೆ ಹೊರಟೆ. ಈ ಪಟ್ಟಣಕ್ಕೆ ಎರಡು ಮುಖ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ತಗ್ಗಿನ ಓಣಿಗಳನ್ನು ನುಂಗಿದಾಗ ಜನ ನವನಗರಕ್ಕೆ ಹೋದರು. ಅಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರು. ಅಂಗಡಿಗಳೂ ಕೆಲವು ಅತ್ತ, ಕೆಲವು ಇತ್ತ. ಹೀಗಾಗಿ ನಾನು ಮೊದಲು ನವನಗರ ಸುತ್ತಿ, ಆಮೇಲೆ ಹಳೆಯ ಊರಿನ ವಲ್ಲಭಭಾಯಿ ಚೌಕದ ಕಡೆ ಬಂದು, ಒಂದೊಂದೇ ಅಂಗಡಿ ಹತ್ತಿ ಇಳಿದೆ.

'ಚೋಮನ ದುಡಿ ಅದ ಏನಪಾ?'

'ಯಾರ ಹೀರೋ ಸರ?'

'ವಾಸುದೇವರಾವ್.'

ಹುಡುಗ ನನ್ನನ್ನು ಕರುಣೆಯಿಂದ ನೋಡಿದ. 'ಅದೆಲ್ಲ ಯಾರೂ ಕೇಳೂದಿಲ್ರಿ ಸರ. ಹೊಸಾದು ಒಯ್ರಿ. ಒಂದರಾಗ ಐದು ಸಿನಿಮಾ, ನಲವತ್ತ ರೂಪಾಯಿ.'

ಅಸಲಿ ತಟ್ಟೆಗಳೂ ಆಗ ದುಬಾರಿಯೇನಲ್ಲ. 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿ.ಸಿ.ಡಿ.ಗೆ 28, ಡಿ.ವಿ.ಡಿ.ಗೆ 34 ರೂಪಾಯಿಯಂತೆ ಮಾರತೊಡಗಿದ ಮೇಲೆ ದರ ಇಳಿದಿತ್ತು. ಆದರೂ ಒಂದರ ದುಡ್ಡಿಗೆ ಐದು ಎಂದರೆ ಮನಸ್ಸು ಜಾರದಿರುತ್ತದೆಯೇ? ಹಳೆಯ ಚಿತ್ರಗಳ ಒಂದು ಐದರ ತಟ್ಟೆ ಕೊಂಡೆ. ಹೊದಿಕೆಯ ಮೇಲೆ ತಯಾರಿಸಿದವರ ಹೆಸರಿಲ್ಲ, ಸೆನ್ಸಾರ್ ಪತ್ರವಿಲ್ಲ. ಚಿತ್ರವೂ ಯಾವುದೋ ಬೇರೆ ಸಿನಿಮಾದ್ದು.

ಮನೆಯಲ್ಲಿ ಅವಳು ಅದನ್ನು ತಿರುಗಿಸಿ ನೋಡಿದಳು. 'ಪರೀಕ್ಷಾದಾಗ ಕಾಪಿ ಹೊಡಿಯೋ ಹುಡುಗೂರನ್ನ ಹಿಡೀತೀರಿ ನೀವು. ಇದೇನ್ರಿ ಮತ್ತ?'

ನಾನು ಬಾಯಿ ಮುಚ್ಚಿದೆ. ಆ ತಟ್ಟೆ ನಮ್ಮ ಪ್ಲೇಯರಿನಲ್ಲಿ ತಿರುಗಲಿಲ್ಲ.

ಮುಂದಿನ ಭಾನುವಾರ ಮತ್ತೆ ಬಸ್ಸು. ಈ ಸಲ 'ಬಂಗಾರದ ಮನುಷ್ಯ'ದ ಅಸಲಿ ಡಿ.ವಿ.ಡಿ. ಸಿಕ್ಕಿತು. ಟಿ.ಕೆ. ರಾಮರಾಯರ ಕಾದಂಬರಿ, 1972ರ ಚಿತ್ರ. ರಾಜೀವಪ್ಪ ಬಂಜರು ನೆಲದಲ್ಲಿ ಬಂಗಾರ ಬೆಳೆಯುವುದನ್ನು ನಾವಿಬ್ಬರೂ ಮಗನ ಜೊತೆ ಕೂತು ನೋಡಿದೆವು. ನಡುವೆ ಎರಡು ಸಲ ಕರೆಂಟು ಹೋಯಿತು. ಅವಳು ಖುಷಿಯಾಗಿದ್ದಳು, ಆದರೆ ಅಟ್ಟದ ಗಂಟು ಇಳಿಯಲಿಲ್ಲ.

'ಚೋಮನ ದುಡಿ' ಕೊನೆಗೆ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ, ಪರೀಕ್ಷೆಯ ಪೇಪರು ತಿದ್ದುವ ಕೆಲಸಕ್ಕೆ ಹೋಗಿದ್ದಾಗ. ಅಂಗಡಿಯಾತ ಧೂಳು ಒರೆಸಿ ಕೊಟ್ಟ. ಡಿ.ವಿ.ಡಿ. ಅಲ್ಲ, ಎರಡು ತಟ್ಟೆಯ ವಿ.ಸಿ.ಡಿ. ವಿ.ಸಿ.ಡಿ.ಯಲ್ಲಿ ಸುಮಾರು ಒಂದೂಕಾಲು ಗಂಟೆಯ ಚಿತ್ರ ಮಾತ್ರ ಹಿಡಿಯುತ್ತದೆ. ಹಾಗಾಗಿ ಒಂದು ಸಿನಿಮಾಕ್ಕೆ ಎರಡು ಅಥವಾ ಮೂರು ತಟ್ಟೆ ಬೇಕಾಗುತ್ತಿತ್ತು. ನಡುವೆ ಎದ್ದು ತಟ್ಟೆ ಬದಲಿಸಬೇಕಾದ ಈ ಕೊರತೆಯೇ ಅಂದು ನಮ್ಮ ಪಾಲಿನ ಭಾಗ್ಯವಾಯಿತು.

ಆ ರಾತ್ರಿ ಮಗ ಬೇಗ ಮಲಗಿದ. ಸ್ವಂತದ ತುಂಡು ನೆಲದಲ್ಲಿ ಬೇಸಾಯ ಮಾಡಬೇಕೆಂಬ ಚೋಮನ ಆಸೆ, ಕಟ್ಟಿದ ಎತ್ತುಗಳು, ಮುಗಿಯದ ಸಾಲ, ರಾತ್ರಿಯೆಲ್ಲ ದುಡಿಯ ಬಡಿತ. ಮೊದಲ ತಟ್ಟೆ ಮುಗಿದು ತೆರೆ ನೀಲಿಯಾಯಿತು. ನಾನು ಎದ್ದು ಎರಡನೆಯದನ್ನು ಕೈಗೆತ್ತಿಕೊಂಡೆ.

'ತಡೀರಿ, ಹಾಕಬ್ಯಾಡ್ರಿ' ಎಂದಳು.

ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: 'ಚೋಮಗ ಹೊಲ ಸಿಗಲಿಲ್ಲ. ನಮ್ಮಪ್ಪಗ ಇದ್ದ ಹೊಲ ಹೋತು. ಎತ್ತು ಮಾತ್ರ ಇಬ್ಬರ ಮನ್ಯಾಗೂ ಉಳದ್ವು.'

ಅವಳ ತವರು ಘಟಪ್ರಭೆಯ ದಂಡೆಯ ಊರು. ಹಿನ್ನೀರು ಬಂದಾಗ ಹೊಲ ಮುಳುಗಿತು. ಇದು ನನಗೆ ಗೊತ್ತಿದ್ದ ವಿಷಯ. ಪರಿಹಾರ, ಹೊಸ ಮನೆಯ ಜಾಗ, ಕಾಗದಪತ್ರ ಎಂದು ಮಾವನವರ ಜೊತೆ ನಾನೂ ಓಡಾಡಿದ್ದೆ. ಗೊತ್ತಿರದಿದ್ದುದು ಇಷ್ಟೇ: ಹೊಲ ಹೋದ ಮೇಲೂ ಒಂದು ವರ್ಷ ಅವರು ಎತ್ತು ಮಾರಲಿಲ್ಲವಂತೆ. ದಿನಾ ಮುಂಜಾನೆ ಎದ್ದು ಮೈ ತಿಕ್ಕಿ, ನೊಗ ಒರೆಸಿ, ಮತ್ತೆ ಗೋಡೆಗೆ ಆನಿಸಿಡುತ್ತಿದ್ದರಂತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಎರಡನೆಯ ತಟ್ಟೆಯನ್ನು ಆ ರಾತ್ರಿ ನೋಡಲಿಲ್ಲ. ಅವಳು ಏಣಿ ತರಿಸಿ ಅಟ್ಟದ ಗಂಟು ಇಳಿಸಿದಳು. ಕಾದಂಬರಿಯನ್ನು ಮೊದಲಿನಿಂದ ಓದಿದಳು. ನಾಲ್ಕು ದಿನ ಬಿಟ್ಟು ಉಳಿದ ಚಿತ್ರ ನೋಡಿದೆವು. 'ಸಿನಿಮಾ ನೋಡಿದ್ದು ಸಾಕಾತಲ್ಲ, ಇನ್ನ ಬರೀಬಹುದು' ಎಂದೆ. ಅವಳು ತಲೆಯಾಡಿಸಿದಳು. 'ಇಲ್ರಿ. ಟಿ.ವಿ.ಯೊಳಗ ದುಡಿ ಅವ ಬಾರಸ್ತಾನ, ನಾವು ಕೇಳತೀವಿ. ಪುಸ್ತಕದಾಗ ಆ ಸಪ್ಪಳ ನಾವ ಹುಟ್ಟಸಬೇಕು. ಅಲ್ಲೇ ನಾ ಹ್ವಾದ ಸಲ ತಪ್ಪಿದ್ದು. ಬರೇ ಕಥಿ ಬರದಿದ್ದೆ.'

ಶಬ್ದವೆಂದರೆ ಗಾಳಿಯಲ್ಲಿ ಹರಡುವ ಕಂಪನ ಎಂದು ಇಪ್ಪತ್ತು ವರ್ಷ ಕಲಿಸಿದವನು ನಾನು. ಗಾಳಿಯೇ ಇಲ್ಲದ ಕಾಗದದ ಮೇಲೆ ಶಬ್ದ ಹುಟ್ಟುತ್ತದೆಂದು ಅಂದು ಕಲಿತೆ. ಸಿನಿಮಾ ಓದಿಗೆ ಅಡ್ಡದಾರಿ ಎಂದುಕೊಂಡು ತಟ್ಟೆ ತಂದಿದ್ದೆ. ಅದು ಅವಳನ್ನು ಮತ್ತೆ ಪುಸ್ತಕಕ್ಕೇ ಕರೆದೊಯ್ಯಿತು, ನನ್ನನ್ನು ಅವಳ ತವರಿನ ಮುಳುಗಿದ ಹೊಲದ ಬದುವಿಗೆ. ಮರುವರ್ಷ ಆ ಪತ್ರಿಕೆ ಪಾಸಾಯಿತು. ಅಂಕ ಎಷ್ಟೆಂದು ಅವಳು ಯಾರಿಗೂ ಹೇಳಗೊಡುವುದಿಲ್ಲ. ನಾಲ್ಕು ಅಂಕದ ಕೊರತೆ ತುಂಬಿ ಚೆಲ್ಲಿತ್ತು ಎಂದರೆ ಸಾಕು.

ಈಗ ಆ ಅಂಗಡಿಗಳಿಲ್ಲ. ನಾನು ಹತ್ತಿಳಿದ ಒಂದು ಕಡೆ ಮೊಬೈಲ್ ರಿಪೇರಿ, ಇನ್ನೊಂದು ಕಡೆ ಚಹಾದಂಗಡಿ. ಅಗ್ಗದ ತಟ್ಟೆ ಮಾರಿದ ಮೋಸರ್ ಬೇಯರ್ ಕೂಡ 2018ರಲ್ಲಿ ಮುಚ್ಚುವ ಹಂತಕ್ಕೆ ಬಂತು. ಸಿನಿಮಾ ಬೇಕೆಂದರೆ ಎಲ್ಲರೂ ಫೋನು ಒತ್ತುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು, ಕಿವಿಯಲ್ಲಿ ಒಂದೊಂದು. ತಪ್ಪೆನ್ನಲಾರೆ, ನಾನೂ ನೋಡುತ್ತೇನೆ. 1977ರ 'ಘಟಶ್ರಾದ್ಧ'ವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರೆಂದು ಓದಿ ನಾವಿಬ್ಬರೂ ಹಿಗ್ಗಿದೆವು. ಆದರೆ ತಟ್ಟೆ ಬದಲಿಸಲು ಎದ್ದಾಗ ಸಿಗುತ್ತಿದ್ದ ಆ ಎರಡು ನಿಮಿಷ ಫೋನಿನಲ್ಲಿ ಇಲ್ಲ.

ಗೀಚಿಹೋದ ತಟ್ಟೆಗಳು ಶಾಲೆಗೆ ಬಂದಿವೆ. ಬೆಳಕಿನ ಪಾಠದ ದಿನ ಹುಡುಗರ ಕೈಗೆ ಕೊಡುತ್ತೇನೆ. ವಿ.ಸಿ.ಡಿ.ಯ ಸುರುಳಿಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಡಿ.ವಿ.ಡಿ.ಯದು 0.74. ಗೆರೆ ಒತ್ತೊತ್ತಾದಷ್ಟೂ ಬಣ್ಣಗಳು ಅಗಲವಾಗಿ ಹರಡುತ್ತವೆ. ಕಿಟಕಿಯ ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಕಾಮನಬಿಲ್ಲು. ಒಂದೆರಡನ್ನು ರೈತರ ಮಕ್ಕಳು ಒಯ್ದು ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ದಾರಕ್ಕೆ ಕಟ್ಟುತ್ತಾರೆ.

ಆ ಎರಡು ತಟ್ಟೆಯನ್ನು ಮಾತ್ರ ನಾನು ಶಾಲೆಗೆ ಒಯ್ದಿಲ್ಲ. ಅವು ನನ್ನಾಕೆಯ ಎಂ.ಎ. ಪದವಿಪತ್ರದ ಜೊತೆ ಟ್ರಂಕಿನಲ್ಲಿವೆ. ಕೇಳಿದರೆ, 'ಇರಲಿ ಬಿಡ್ರಿ, ಹೊಲದ ಉತಾರ ಇದ್ದಂಗ' ಎನ್ನುತ್ತಾಳೆ.