ಏರಿದ್ದೋ, ಏರಿಸಿದ್ದೋ?

ಹಾಲು ಒಲೆಯ ಮೇಲಿತ್ತು. ಮಗಳು ಅಡಿಗೆಮನೆ ಹೊಸ್ತಿಲಲ್ಲೇ ಪುಸ್ತಕ ಹರಡಿ ಕೂತಿದ್ದಳು. ಹೊರದೇಶದಲ್ಲಿ ಓದಬೇಕೆಂದರೆ ಐಇಎಲ್‌ಟಿಎಸ್ ಅಂತ ಇಂಗ್ಲಿಷ್ ಪರೀಕ್ಷೆ ಇದೆಯಲ್ಲ, ಅದರ ತಯಾರಿ. ಅದರಲ್ಲೊಂದು ಗ್ರಾಫ್ ಕೊಟ್ಟು, 20 ನಿಮಿಷದಲ್ಲಿ ಕಡಿಮೆಯೆಂದರೆ 150 ಶಬ್ದಗಳಲ್ಲಿ ವಿವರಿಸು ಎನ್ನುತ್ತಾರೆ. ಹೋದ ಸಲ ಬರವಣಿಗೆಯಲ್ಲೇ ಅಂಕ ಸಾಲದೆ ಬಂದಿತ್ತು. ಫೀಸೇನು ಸಣ್ಣದೇ! ನಮ್ಮವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಅಡಿಕೆಯ ದುಡ್ಡು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತು.

“ಆಯಿ, ರೈಸ್ ಬರೀಬೇಕೋ, ರೇಜ್ ಬರೀಬೇಕೋ ಗೊತ್ತಾಗೂದಿಲ್ಲ” ಎಂದಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಎಂದರೆ ಈಗಲೂ ಎದೆ ಡವಗುಟ್ಟುತ್ತದೆ. ಆದರೂ ಅರ್ಥ ಕೇಳಿದೆ. ಒಂದು ತಾನಾಗಿ ಮೇಲೆ ಹೋಗುವುದು, ಇನ್ನೊಂದು ಯಾರೋ ಮೇಲೆ ಒಯ್ಯುವುದು. “ಅಯ್ಯ, ಏರು, ಏರಿಸು ಅಲ್ಲವೇನೇ! ತೆಂಗಿನಕಾಯಿ ಬೆಲೆ ಏರಿತು. ಅಂಗಡಿಯವ ಬೆಲೆ ಏರಿಸಿದ.” ನಮ್ಮಲ್ಲಿ ಒಂದು ‘ಇಸು’ ಹಚ್ಚಿದರೆ ಮುಗಿಯಿತು, ಇಂಗ್ಲಿಷಿನವರಿಗೆ ಅದಕ್ಕೂ ಬೇರೆ ಶಬ್ದ. ಗ್ರಾಫಿನ ಗೆರೆಯನ್ನು ಯಾರೂ ಎತ್ತಿ ಹಿಡಿದಿರುವುದಿಲ್ಲ, ಹಾಗಾಗಿ ಅಲ್ಲಿ ಹೆಚ್ಚಾಗಿ ರೈಸ್.

ಮತ್ತೆ ಅವಳು ಬರೆದದ್ದನ್ನು ಓದಿಸಿದೆ. ಸೋರ್, ಸರ್ಜ್, ರಾಕೆಟ್! ಮದುವೆಮನೆಗೆ ಹೊರಟವಳು ಇದ್ದಬದ್ದ ಒಡವೆ ಹೇರಿಕೊಂಡ ಹಾಗೆ. ಕರ್ನಾಟಕದ ಸಾಕ್ಷರತೆ 1991ರಲ್ಲಿ ನೂರಕ್ಕೆ 56.04, 2001ರಲ್ಲಿ 66.64, 2011ರಲ್ಲಿ 75.36. ಇಪ್ಪತ್ತು ವರ್ಷ ಹಿಡಿದ ಏರಿಕೆಗೆ ರಾಕೆಟ್ ಯಾಕೆ? ರೈಸ್ ಸಾಕು, ಬೇಕಾದರೆ ಪಕ್ಕದಲ್ಲೊಂದು ಸ್ಟೆಡಿಲಿ. ನಮ್ಮ ಮಿರ್ಜಾನದ ಕಡೆ ಅಘನಾಶಿನಿಯ ನೀರು ಉಬ್ಬರ ಇಳಿತಕ್ಕೆ ಏರಿಳಿಯುತ್ತದಲ್ಲ, ಅಂಥ ಗೆರೆಗೆ ಫ್ಲಕ್ಚುಯೇಟ್. ಏರಿ ಅಲ್ಲೇ ನಿಂತರೆ ಲೆವೆಲ್ ಆಫ್.

ದೊಡ್ಡ ತಪ್ಪು ಸಿಕ್ಕಿದ್ದು ಆಮೇಲೆ. ರಾಜ್ಯದ ಜನಸಂಖ್ಯೆ ಬೆಳೆದ ಪ್ರಮಾಣದ ಗ್ರಾಫ್ ಅದು. 1991ಕ್ಕೆ ಮುಗಿದ ದಶಕದಲ್ಲಿ ನೂರಕ್ಕೆ 21.12, ಮುಂದಿನದರಲ್ಲಿ 17.51, 2011ಕ್ಕೆ ಮುಗಿದದ್ದರಲ್ಲಿ 15.60. ಗೆರೆ ಕೆಳಗಿಳಿಯಿತೆಂದು ಇವಳು ‘ಪಾಪ್ಯುಲೇಶನ್ ಫೆಲ್’ ಎಂದು ಬರೆದುಬಿಟ್ಟಿದ್ದಳು.

“ಜನ ಕಡಿಮೆಯಾದರೇನೇ?” ಎಂದೆ. ಹುಡುಕಿ ನೋಡಿದರೆ 2001ರಲ್ಲಿ 5.29 ಕೋಟಿ ಇದ್ದವರು 2011ರಲ್ಲಿ 6.11 ಕೋಟಿ! ಜನ ಏರಿದ್ದೇ, ಇಳಿದದ್ದು ಏರುವ ವೇಗ. ಉರಿ ಸಣ್ಣ ಮಾಡಿದರೂ ಹಾಲು ನಿಧಾನಕ್ಕೆ ಏರುತ್ತಲೇ ಇರುತ್ತದಲ್ಲ, ಹಾಗೆ. ಫೆಲ್ ಎನ್ನುವುದಾದರೆ ಬಿದ್ದದ್ದು ‘ಗ್ರೋತ್ ರೇಟ್’. ಜನಸಂಖ್ಯೆಯನ್ನೇ ಹೇಳುವುದಾದರೆ ‘ಗ್ರೂ ಮೋರ್ ಸ್ಲೋಲಿ’. “ಶಬ್ದ ಹುಡುಕುವ ಮೊದಲು ಗ್ರಾಫಿನ ಅಂಚಿನಲ್ಲಿ ಏನು ಅಳೆದಿದ್ದಾರೆಂದು ಓದು ಮಾರಾಯ್ತಿ” ಎಂದೆ.

ಅವಳು ಸುಮ್ಮನೆ ಗೆರೆ ಹೊಡೆದು ಹೊಸದಾಗಿ ಬರೆಯತೊಡಗಿದಳು. ಮೂರು ಸಾಲು ದಾಟುವಷ್ಟರಲ್ಲಿ ಸುಟ್ಟ ವಾಸನೆ. ಹಾಲು ಉಕ್ಕಿ ಒಲೆ ತುಂಬ ಹರಿದಿತ್ತು.

“ಆಯಿ, ಇದಕ್ಕೆ ಸರ್ಜ್ ಬರೀಬಹುದು!” ಎಂದಳು.