ಎಂಟನೇ ಕ್ಲಾಸಿನಲ್ಲೇ ಹೇಳಿಕೊಡಬೇಕಾದ್ದು

ಬಹರೇನಿನ ಸಲ್ಮಾಬಾದಿನ ಗ್ಯಾರೇಜುಗಳ ಸಾಲು ದಾಟಿ ಈಸಾ ಟೌನಿನ ಶಾಲೆಗೆ ಹೋಗುವ ನಮ್ಮ ಮಕ್ಕಳ ಕೈಗೆ ಫೋನ್ ಬಂದಾಗಿದೆ. ಅದರಲ್ಲಿ ಗೆಳೆಯನೋ ಗೆಳತಿಯೋ ಹೀಗೆ ಕೇಳಬಹುದು: "ಆನ್‌ಲೈನ್ ಇದ್ದೂ ಯಾಕೆ ರಿಪ್ಲೈ ಮಾಡಲಿಲ್ಲ? ಯಾರ ಜೊತೆ ಚಾಟ್ ಮಾಡ್ತಿದ್ದೆ? ಸ್ಕ್ರೀನ್‌ಶಾಟ್ ಕಳಿಸು." ಹದಿಮೂರರ ವಯಸ್ಸಿಗೆ ಇದು ಪ್ರೀತಿಯಂತೆಯೇ ಕಾಣುತ್ತದೆ. ಇದು ಪ್ರೀತಿಯಲ್ಲ, ಹಿಡಿತ ಅಂತ ಹೇಳುವವರು ಬೇಕು.

ಅಮೆರಿಕದ ‘ಡೇಟಿಂಗ್ ಮ್ಯಾಟರ್ಸ್’ ಕಾರ್ಯಕ್ರಮ 11ರಿಂದ 14 ವರ್ಷದ ಮಕ್ಕಳಿಗೆ ಇದನ್ನೇ ಕಲಿಸುತ್ತದೆ. ಅಪ್ಪ ಅಮ್ಮಂದಿರಿಗೂ ಅದರಲ್ಲಿ ಪಾಠವಿದೆ. ಆದರೆ ನಮ್ಮ ಕರ್ನಾಟಕದಲ್ಲಿ 2007ರಲ್ಲಿ ವಿರೋಧ ಎದ್ದು ಶಾಲೆಗಳಲ್ಲಿನ ಹದಿಹರೆಯದ ಶಿಕ್ಷಣವನ್ನೇ ತಡೆಹಿಡಿಯಲಾಯಿತು. ಈಗ ದಾರಿ ತೆರೆದಿದೆ: 2020ರಲ್ಲಿ ಶುರುವಾದ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದ 11 ವಿಷಯಗಳಲ್ಲಿ ಪರಸ್ಪರ ಸಂಬಂಧ, ಲಿಂಗ ಸಮಾನತೆ, ಇಂಟರ್ನೆಟ್ಟಿನ ಸುರಕ್ಷಿತ ಬಳಕೆ ಸೇರಿವೆ. ಬಹರೇನಿನ ಸಿಬಿಎಸ್‌ಇ ಶಾಲೆಗಳಲ್ಲೂ ಇವಕ್ಕೆ ವಾರಕ್ಕೊಂದು ಪೀರಿಯಡ್ ಸಿಗಲಿ.

"ಬೇಡ" ಅನ್ನುವ ಧೈರ್ಯ, ಇನ್ನೊಬ್ಬರು "ಬೇಡ" ಅಂದಾಗ ಸುಮ್ಮನಾಗುವ ಮರ್ಯಾದೆ, ಮನಸ್ಸು ನೊಂದಾಗ ದೊಡ್ಡವರ ಹತ್ತಿರ ಬರುವ ನಂಬಿಕೆ: ಇವನ್ನು ಕಲಿಸಿದರೆ ಮಕ್ಕಳು ಕೆಡುವುದಿಲ್ಲ, ಗಟ್ಟಿಯಾಗುತ್ತಾರೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಮಾರ್ಕ್ಸ್ ಬಗ್ಗೆ ಕೇಳುವ ನಾವು ಈ ಸಲ ಇದನ್ನೂ ಕೇಳೋಣ.